ಹಿಂದಿನ ಬಾಗಿಲಿನವನು

ನೊಲ್ಬೆರ್ತೊ ಹಿಂದಿನ ಬಾಗಿಲಿನಿಂದ ಹತ್ತಿದವನೇ, ಕಂಬಿ ಹಿಡಿಯುವುದಕ್ಕೂ ಮೊದಲು, ಜೇಬಿನಿಂದ ನಾಣ್ಯಗಳನ್ನು ತೆಗೆದು ಕೈ ಚಾಚಿದ. ಕೈ ಮೊದಲು ಹೋದದ್ದು ಬಾಗಿಲ ಪಕ್ಕದ ಒಂಟಿ ಸೀಟಿನ ಕಡೆಗೆ. ಅಲ್ಲಿ ಯಾರೂ ಇರಲಿಲ್ಲ. ಬಿಳಿ ಕಾರ್ನೇಷನ್ ಹೂಗಳ ಒಂದು ಕಟ್ಟು ಮಾತ್ರ ಇತ್ತು. ಕೈಯನ್ನು ಅದರ ಮುಂದಿನ ಸೀಟಿಗೆ ಸರಿಸಿದ.

"ಮುಂದಕ್ಕೆ ಕೊಡ್ತೀರಾ?"

ಕಪ್ಪು ಕೋಟಿನ ಹೆಂಗಸೊಬ್ಬಳು ತಿರುಗಿಯೂ ನೋಡದೆ ಇಸಕೊಂಡು ಮುಂದಿನವನಿಗೆ ದಾಟಿಸಿದಳು. ಅವನು ಅವನ ಮುಂದಿನವರಿಗೆ. ವಾಲ್ಪರೈಸೊದ ಗುಡ್ಡ ಹತ್ತುವ ಬಸ್ಸುಗಳಲ್ಲಿ ಈ ಕೆಲಸವನ್ನು ಯಾರೂ ಯೋಚಿಸಿ ಮಾಡುವುದಿಲ್ಲ. ಹಾಗೇ ನಾಣ್ಯ ಡ್ರೈವರ್ ರೊಸಮೆಲ್‌ನ ಅಂಗೈಗೆ ಬಂದು ಬಿತ್ತು. ಟಿಕೆಟ್ ಹರಿಯಲು ಹೋದವನು ತಡೆದು ಕನ್ನಡಿಯಲ್ಲಿ ಹಿಂದಕ್ಕೆ ನೋಡಿದ.

"ಯಾರಪ್ಪ ಅದು ಟಿಕೆಟ್ ಕೇಳ್ತಿರೋರು? ಇದು ಮಣ್ಣಿಗೆ ಹೋಗೋ ಬಸ್ಸು. ಮನೆಯವರು ಬಾಡಿಗೆಗೆ ಹಿಡಿದಿದ್ದಾರೆ."

ನಾಲ್ಕೈದು ಜನ ನಕ್ಕರು, ಸಾವಿನ ದಿನ ನಗುವ ಹಾಗೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು.

"ಟಿಕೆಟ್ ಕೊಟ್ಬಿಡಿ ದೋನ್ ರೊಸಮೆಲ್," ಎಂದ ಮುಂದೆ ಕೂತಿದ್ದ ಒಬ್ಬ ಯುವಕ. "ಅವರೊಬ್ಬರು ವಾಪಸ್ ಬರೋ ಯೋಚನೇಲಿದ್ದಾರೆ."

"ವ್ಲಾದಿಮೀರ್, ಬಾಯಿ ಮುಚ್ಕೊಂಡು ಕೂತ್ಕೊ," ಎಂದಳು ಕಪ್ಪು ಕೋಟಿನವಳು. "ನಿನ್ನ ದೊಡ್ಡಮ್ಮ ಮುಂದಿನ ಗಾಡೀಲಿ ಮಲಗಿದಾಳೆ."

ನಾಣ್ಯಗಳು ಬಂದ ದಾರಿಯಲ್ಲೇ ಹಿಂದಕ್ಕೆ ಬಂದವು. ಕೊನೆಗೆ ಕಪ್ಪು ಕೋಟಿನವಳು ತಿರುಗಿ ಅವನ ಅಂಗೈಯಲ್ಲಿಟ್ಟು, ಅವನ ಮುಖವನ್ನೇ ನೋಡುತ್ತ ಉಳಿದಳು. ಸತ್ತವಳ ಕಣ್ಣೇ ಇವಳದೂ. ಇವಳದರ ಸುತ್ತ ಅತ್ತು ಅತ್ತು ಊದಿಕೊಂಡಿತ್ತು, ಅಷ್ಟೇ.

"ನಾನು ಒತೀಲಿಯಾ. ಅವಳ ತಂಗಿ. ನೀವು ಯಾರು ಅಂತ ಗೊತ್ತಾಗ್ಲಿಲ್ಲ."

"ಬಸ್ಸಿನಲ್ಲಿ..." ಎಂದ ನೊಲ್ಬೆರ್ತೊ. ಮುಂದೆ ಏನು ಹೇಳಬೇಕೆಂದು ಅವನು ಬೆಳಿಗ್ಗೆಯಿಂದ ಯೋಚಿಸಿದ್ದ. ಏನೂ ಸಿಕ್ಕಿರಲಿಲ್ಲ.

•

ಸತ್ತವಳ ಹೆಸರು ಎದೆಲ್ಮೀರಾ ಎಂದು ಅವನಿಗೆ ಗೊತ್ತಾಗಿದ್ದೇ ನಿನ್ನೆ. ಅವಳ ಸ್ಟಾಪಿನ ಎದುರಿನ ದಿನಸಿ ಅಂಗಡಿಯ ಗಾಜಿಗೆ, ಮೊಟ್ಟೆಯ ಬೆಲೆ ಬರೆದ ಚೀಟಿಯ ಪಕ್ಕದಲ್ಲಿ, ಶಿಲುಬೆ ಬಿಡಿಸಿದ ಒಂದು ಕಾಗದ ಅಂಟಿಸಿದ್ದರು. ಫೋಟೋದಲ್ಲಿ ಅವಳು ಯಾರ ಮದುವೆಯಲ್ಲೋ ನಗುತ್ತಿದ್ದಳು. ಬಸ್ಸಿನಲ್ಲಿ ಅವಳ ಹಲ್ಲು ಅವನಿಗೆ ಕಂಡಿದ್ದೇ ಇಲ್ಲ.

ಅವನಿಗೆ ಪೇಟೆಯಲ್ಲಿ ಬೀಗ ರಿಪೇರಿ ಮಾಡುವ ಒಂದು ಗೂಡಂಗಡಿ. ಮುಂಚೆ ಬೇಗ ಹೊರಡುವ ಬಸ್ಸಿಗೆ ಹೋಗುತ್ತಿದ್ದ. ಒಮ್ಮೆ ತಡವಾಗಿ ಈ ಬಸ್ಸು ಹತ್ತಿದ. ಆಮೇಲೆ ದಿನಾ ತಡವಾಗತೊಡಗಿತು. ಗಿರಾಕಿಗಳು ಬಾಗಿಲ ಮುಂದೆ ಕಾದು ಬೈದುಕೊಂಡರೂ ಬದಲಾಯಿಸಲಿಲ್ಲ.

ಅವಳು ಯಾವಾಗಲೂ ಹಿಂದಿನ ಬಾಗಿಲ ಪಕ್ಕದ ಆ ಒಂಟಿ ಸೀಟಿನಲ್ಲೇ ಕೂರುತ್ತಿದ್ದಳು. ಮುಂದಿನ ಬಾಗಿಲಲ್ಲಿ ಜಾಗವಿದ್ದರೂ ಅವನು ಹಿಂದಿನಿಂದಲೇ ಹತ್ತುತ್ತಿದ್ದ. ಹಾಗೆ ಹತ್ತಿದರೆ ನಾಣ್ಯ ಮೊದಲು ಅವಳ ಕೈಗೆ ಹೋಗುತ್ತಿತ್ತು. ಟಿಕೆಟ್ಟೂ ಚಿಲ್ಲರೆಯೂ ಎಲ್ಲರ ಕೈ ದಾಟಿ ಕೊನೆಗೆ ಅವಳ ಕೈಯಿಂದ ಅವನ ಅಂಗೈಗೆ ಬರುತ್ತಿದ್ದವು. ದಿನಕ್ಕೆ ಅಷ್ಟು. ಬೇರೆ ಯಾರ ಕೈಯೂ ಅವನ ಕೈಗೆ ತಾಗುತ್ತಿರಲಿಲ್ಲ.

ಉಳಿದ ಹೊತ್ತೆಲ್ಲ ನೋಡುವುದು. ಅವಳ ಮಡಿಲಲ್ಲಿ ಒಂದು ಚಪ್ಪಟೆ ಚೀಲವಿರುತ್ತಿತ್ತು. ಸಂಗೀತದ ಹಾಳೆಗಳಿರಬೇಕು, ಪಿಯಾನೋ ಕಲಿಸುವವಳಿರಬೇಕು ಎಂದುಕೊಂಡ. ತುಟಿಗೆ ಬಣ್ಣ ಹಚ್ಚಿರುತ್ತಿದ್ದಳು. ಮನೆಯಲ್ಲಿ ನೋಡುವ ಗಂಡನಿದ್ದಾನೆ ಎಂದುಕೊಂಡ. ಮನಸ್ಸಿನಲ್ಲೇ ಆ ಗಂಡನಿಗೊಂದು ಹಡಗನ್ನೂ ಕೊಟ್ಟ, ಹಡಗನ್ನು ದೂರ ಕಳಿಸಿದ, ಆಮೇಲೆ ಮರ್ಯಾದೆಯಿಂದ ವಾಪಸ್ ಕರೆಸಿದ.

ಒಂದು ಚಳಿಗಾಲದ ಬೆಳಿಗ್ಗೆ ಚಿಲ್ಲರೆ ಕೊಡುತ್ತ ಅವಳು, "ಕೈ ಎಷ್ಟು ತಣ್ಣಗಿದೆ ನಿಮ್ಮದು," ಎಂದಳು.

ಉತ್ತರ ಹೊಳೆದದ್ದು ಅಂಗಡಿಯ ಶಟರ್ ಎಳೆಯುವಾಗ. ಮಾರನೆಯ ದಿನ ಅದನ್ನು ಬಾಯಲ್ಲೇ ಇಟ್ಟುಕೊಂಡು ಹತ್ತಿದ. ಆ ದಿನ ಶಾಲೆಯ ಮಕ್ಕಳ ದಂಡು ನಡುವೆ ನುಗ್ಗಿ, ಚಿಲ್ಲರೆ ಒಂದು ಹುಡುಗಿಯ ಕೈಯಿಂದ ಬಂತು. ಅದರ ಮಾರನೆಯ ದಿನ ಅಷ್ಟೇನೂ ಚಳಿ ಇರಲಿಲ್ಲ.

•

ಬಸ್ಸು ಶವದ ಗಾಡಿಯ ಹಿಂದೆ ನಿಧಾನವಾಗಿ ಏರುತ್ತಿತ್ತು. ಸೀಟುಗಳು ಅರ್ಧಕ್ಕರ್ಧ ಖಾಲಿ. ಆದರೂ ನೊಲ್ಬೆರ್ತೊ ನಿಂತೇ ಇದ್ದ.

"ಹಾಗಾದ್ರೆ ಅವಳು ಹೇಳ್ತಿದ್ದ ಜನದಲ್ಲಿ ನೀವೂ ಒಬ್ಬರು," ಎಂದಳು ಒತೀಲಿಯಾ. "ಸಂಜೆ ಚಹಾಕ್ಕೆ ಕೂತ್ರೆ ಸಾಕು, ಬ್ರೆಡ್ಡಿಗೆ ಬೆಣ್ಣೆಹಣ್ಣು ಸವರ್ತಾ ಶುರು ಮಾಡೋಳು. ಇವತ್ತು ಅವನು ಕ್ಷೌರ ಮಾಡ್ಕೊಂಡು ಬಂದಿದ್ದ, ಇವಳು ಗಂಡನ ಜೊತೆ ಜಗಳ ಆಡಿದಾಳೆ. ನಮಗೆ ಧಾರಾವಾಹಿನೇ ಬೇಕಿರಲಿಲ್ಲ."

"ಕೆಲಸಕ್ಕೆ ಹೋಗ್ತಾ ನೋಡ್ತಿದ್ರು, ಅಲ್ವ," ಎಂದ ಅವನು. "ಪಿಯಾನೋ..."

"ಎಂಥ ಪಿಯಾನೋ. ಆಸ್ಪತ್ರೆ ದುಪ್ಪಟಿಗೆ ಅಂಚು ಹೊಲಿಯೋಳು. ಅದನ್ನೂ ಕಣ್ಣು ಮಂಜಾಯ್ತು ಅಂತ ಬಿಡಿಸಿಬಿಟ್ರು. ಆಮೇಲೂ ಬೆಳಿಗ್ಗೆ ಎದ್ದು ತುಟಿಗೆ ಬಣ್ಣ ಹಚ್ಕೊಂಡು ಹೊರಡೋಳು. ಕೊನೇ ಸ್ಟಾಪ್ ತನಕ ಹೋಗೋದು, ಅದೇ ಬಸ್ಸಲ್ಲಿ ವಾಪಸ್ ಬರೋದು."

"ಯಾಕೆ?"

"ನೋಡೋಕೆ ಕಣ್ರೀ. ನಿಮ್ಮನ್ನೆಲ್ಲ ನೋಡೋಕೆ. ಮದುವೆ ಇಲ್ಲ, ಮಕ್ಕಳಿಲ್ಲ. ಇನ್ನೇನು ಮಾಡ್ತಾಳೆ?"

ವ್ಲಾದಿಮೀರ್ ಸೀಟಿನ ಬೆನ್ನಿಗೆ ಗಲ್ಲ ಊರಿ ಹಿಂದಕ್ಕೆ ತಿರುಗಿದ್ದ. "ದೊಡ್ಡಮ್ಮ ಹೇಳ್ತಿದ್ದೋರಲ್ಲಿ ನನಗಿಷ್ಟ ಆಗಿದ್ದು ನಿದ್ದೆಗೆಟ್ಟ ನರ್ಸ್. ಆಮೇಲೆ ಆ ಮೀನಿನ ಜೊತೆ ಮಾತಾಡೋ ಮುದುಕಿ. ಕುಂಟು ವಕೀಲ." ನೊಲ್ಬೆರ್ತೊವನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ನೀವು ವಕೀಲರಲ್ಲ."

"ಅಲ್ಲ."

ಅವನು ಕಂಬಿಯನ್ನು ಬಿಗಿಯಾಗಿ ಹಿಡಿದುಕೊಂಡ. ಆ ಚಹಾದ ಮೇಜಿನ ಮಾತಿನಲ್ಲಿ ಒಂದು ಸಂಜೆಯಾದರೂ ತಾನು ಬಂದಿದ್ದೆನೇ ಎಂದು ಕೇಳಬೇಕಿತ್ತು. ಅದಕ್ಕೇ ಅಂಗಡಿ ಮುಚ್ಚಿ ಬಂದಿದ್ದ. ಕೇಳುವುದು ಹೇಗೆಂದು ತಿಳಿಯದೆ, "ನಾನು ಹಿಂದಿನ ಬಾಗಿಲಿನಿಂದ ಹತ್ತೋನು," ಎಂದಷ್ಟೇ ಹೇಳಿದ.

ಒತೀಲಿಯಾಳ ಮುಖ ಅರಳಿತು. "ಅಯ್ಯೋ, ತಣ್ಣನೆ ಕೈಯವರು ನೀವೇನಾ?"

ಅವನು ತಲೆಯಾಡಿಸಿದ.

"ವ್ಲಾದಿಮೀರ್, ನೋಡೋ, ನಾಲ್ಕು ಹೆಣ್ಣುಮಕ್ಕಳ ತಂದೆ ಇವರೇ. ಎಷ್ಟು ಹೇಳ್ತಿದ್ಲು ನಿಮ್ಮ ವಿಷಯ. ನಾಲ್ಕು ಜನ, ಒಬ್ಬರಿಗಿಂತ ಒಬ್ಬರು ಬಾಯಾಳಿಗಳು, ಮನೇಲಿರೋ ಕೈಗವಸೆಲ್ಲ ಅವರೇ ಹಾಕ್ಕೊಂಡು ಹೋಗ್ತಾರೆ, ಪಾಪ ಅವರಪ್ಪನಿಗೆ ಒಂದೂ ಉಳಿಯಲ್ಲ ಅಂತ. ಮಾತಾಡಿಸಬಾರದೇನೇ ಅಂದೆ ಒಂದ್ಸಲ. 'ಬೇಡ ಬಿಡೆ, ಮನೆ ತುಂಬ ಗಲಾಟೆ, ಆ ಮನುಷ್ಯನಿಗೆ ಸ್ವಲ್ಪ ಸುಮ್ಮನೆ ಇರೋಕೆ ಸಿಗೋದು ಬಸ್ಸಲ್ಲೇ' ಅಂದ್ಲು."

ಬಸ್ಸು ಒಂದು ತಿರುವು ದಾಟಿತು. ಕೆಳಗೆ ಸಮುದ್ರ ಕಂಡು ಮರೆಯಾಯಿತು. ನೊಲ್ಬೆರ್ತೊಗೆ ಇದ್ದದ್ದು ಒಂದು ಕೋಣೆ, ಒಂದು ಸ್ಟೌ, ಎರಡು ಕುರ್ಚಿ. ಎರಡನೆಯ ಕುರ್ಚಿಯ ಮೇಲೆ ಕೋಟು ಹಾಕುತ್ತಿದ್ದ.

"ಹೇಗಿದಾರೆ ಈಗ?" ಎಂದು ಒತೀಲಿಯಾ ಕೇಳಿದಳು. "ಹಿರಿಯವಳಿಗೆ ಮದುವೆ ಅಂತಿದ್ಲಲ್ಲ."

ಅವನು ಒಂಟಿ ಸೀಟಿನ ಮೇಲಿದ್ದ ಹೂಗಳನ್ನು ನೋಡಿದ. ಕುಲುಕಾಟಕ್ಕೆ ಕಟ್ಟು ಅಂಚಿಗೆ ಸರಿದಿತ್ತು. ಬಗ್ಗಿ ಒಳಕ್ಕೆ ಸರಿಸಿದ.

"ಆಯ್ತು," ಎಂದ. "ಮೊನ್ನೆ ಸೆಪ್ಟೆಂಬರಿನಲ್ಲಿ. ಚೆನ್ನಾಗಿದಾಳೆ."

"ಉಳಿದವರು?"

"ಎಲ್ಲ ಚೆನ್ನಾಗಿದಾರೆ. ಗಲಾಟೆ ಮಾತ್ರ ಕಮ್ಮಿ ಆಗಿಲ್ಲ."

"ಪುಣ್ಯವಂತರು ಬಿಡಿ," ಎಂದು ಒತೀಲಿಯಾ ಕಣ್ಣೊರೆಸಿಕೊಂಡಳು. "ಅವಳಿಗೆ ಗೊತ್ತಾಗಿದ್ರೆ ಖುಷಿ ಪಡ್ತಿದ್ಲು. ಇಳಿಯುವಾಗ ಆ ಹೂ ನೀವೇ ತನ್ನಿ."

•

ಸ್ಮಶಾನದಲ್ಲಿ ಶವಪೆಟ್ಟಿಗೆ ಇಡುವ ಗೋಡೆಯ ಗೂಡುಗಳಲ್ಲಿ ಅವಳದು ಮೇಲಿನ ಸಾಲು. ಎರಡು ಗೋಡೆಗಳ ನಡುವಿನ ಓಣಿ ಒಬ್ಬರು ನಿಲ್ಲುವಷ್ಟೇ ಅಗಲ. ಬಂದವರೆಲ್ಲ ಒಬ್ಬರ ಹಿಂದೊಬ್ಬರು ನಿಂತರು. ಹೂ ಹಿಡಿದ ನೊಲ್ಬೆರ್ತೊ ಎಲ್ಲರಿಗಿಂತ ಹಿಂದೆ ಉಳಿದ. ವ್ಲಾದಿಮೀರ್ ಮನೆಯವರ ಪರವಾಗಿ ಬಂದವರಿಗೆಲ್ಲ ವಂದನೆ ಹೇಳಿದ. ಹೇಳುವಾಗ ಅವನ ದನಿ ಒಡೆಯಿತು, ಅರ್ಧಕ್ಕೇ ನಿಲ್ಲಿಸಿದ. ಕೆಲಸದವರು ಪೆಟ್ಟಿಗೆಯನ್ನು ಒಳಕ್ಕೆ ನೂಕಿ, ಚಪ್ಪಡಿಯನ್ನು ಅಡ್ಡ ಇಟ್ಟು, ಸುತ್ತ ಗಾರೆ ಮೆತ್ತಿದರು. ಏಣಿಯ ಮೇಲಿದ್ದವನು ಹೂವೆಲ್ಲಿ ಎಂದು ಕೇಳಿದ.

ನೊಲ್ಬೆರ್ತೊ ಮುಂದಿದ್ದವರ ಭುಜದ ಪಕ್ಕದಿಂದ ಕೈ ಚಾಚಿದ.

"ಮುಂದಕ್ಕೆ ಕೊಡ್ತೀರಾ?"

ಯಾರೂ ತಿರುಗಿ ನೋಡಲಿಲ್ಲ. ಹೂ ಕೈಯಿಂದ ಕೈಗೆ ಹೋಯಿತು, ರೊಸಮೆಲ್‌ನ ಕೈಗೆ, ಒತೀಲಿಯಾಳ ಕೈಗೆ, ಅಲ್ಲಿಂದ ಏಣಿಯ ಮೇಲಕ್ಕೆ. ಏಣಿಯವನು ಅದನ್ನು ಗೂಡಿನ ಅಂಚಿಗೆ ಸಿಕ್ಕಿಸಿ, ಕೈಯ ಗಾರೆಯನ್ನು ಪ್ಯಾಂಟಿಗೆ ಒರೆಸಿಕೊಂಡು ಇಳಿದ.

ಜನ ಕೋಟಿನ ಗುಂಡಿ ಹಾಕಿಕೊಳ್ಳತೊಡಗಿದರು. ನೊಲ್ಬೆರ್ತೊ ಹಾಗೇ ನಿಂತಿದ್ದ. ಅವನ ಕೈ ಇನ್ನೂ ಮುಂದಕ್ಕೆ ಚಾಚಿತ್ತು, ಅಂಗೈ ಮೇಲಾಗಿ, ಚಿಲ್ಲರೆ ಬರುವುದಿದೆ ಎಂಬಂತೆ.