ಎರಡನೇ ಮನೆಯಲ್ಲಿ ನಿಂತ ಆಟ

ಅಮ್ಮನ ಹೊಲಿಗೆ ಅಂಗಡಿಯ ಮೇಜು ಎಷ್ಟು ಉದ್ದವೆಂದರೆ, ಅದರ ಒಂದು ತುದಿಯಲ್ಲಿ ಕೋಟು ಹುಟ್ಟುತ್ತಿದ್ದರೆ ಇನ್ನೊಂದು ತುದಿಯಲ್ಲಿ ಗುಂಗಿಯ ಊರುಗಳು ಹುಟ್ಟುತ್ತಿದ್ದವು. ಸದಾ ಯಾವುದೋ ಗುಂಗಿನಲ್ಲಿರುತ್ತಾಳೆಂದು ಮನೆಯವರು ಇಟ್ಟ ಹೆಸರು ಅದು. ಹದಿನಾರರ ಹುಡುಗಿ. ಅಳತೆ ಕಾಗದದ ಚೂರುಗಳ ಮೇಲೆ ಬಾವಿ, ಮೆಟ್ಟಿಲು, ಬಾಗಿಲಿಲ್ಲದ ಅರಮನೆ ಬರೆದು, ದಾಳ ಉರುಳಿಸಿ, ಮನೆಮನೆಗೂ ಕಥೆಯ ಚೀಟಿ ಓದುತ್ತ ಆಡುವ ಆಟ ಕಟ್ಟುವುದೇ ಅವಳ ಹುಚ್ಚು.

ಇವತ್ತು ಅವಳ ತುದಿಯಲ್ಲಿ ಎರಡು ಪತ್ರಗಳಿದ್ದವು. ಹದಿಹರೆಯದವರಿಗೆ ಬೇಸಿಗೆಯಲ್ಲಿ ಆಟದ ವಿನ್ಯಾಸ ಕಲಿಸುವ ಎರಡು ವಿಶ್ವವಿದ್ಯಾಲಯಗಳು ಅವಳು ಕಳಿಸಿದ್ದ ಒಂದೇ ಆಟವನ್ನು ನೋಡಿ ಸೀಟು ಕೊಟ್ಟಿದ್ದವು. ಎರಡೂ ಶುರುವಾಗುವುದು ಒಂದೇ ಸೋಮವಾರ. ಮುಂದಿನ ವರ್ಷ ಅವಳಿಗೆ ವಯಸ್ಸು ಮೀರುತ್ತದೆ. ಉತ್ತರ ಇವತ್ತು ಸಂಜೆ ಐದರೊಳಗೆ ಕೊಡಬೇಕು.

"ಇದರಲ್ಲಿ ತಲೆ ಕೆಡಿಸ್ಕೊಳ್ಳೋಕೆ ಏನಿದೆ?" ಎಂದ ಅಣ್ಣ. ಫೋನ್ ರಿಪೇರಿ ಅಂಗಡಿಯಿಂದ ಊಟಕ್ಕೆ ಬಂದಿದ್ದ. "ದೊಡ್ಡದಕ್ಕೆ ಹೋಗು. ಒಬ್ಬೊಬ್ಬರಿಗೆ ಒಂದೊಂದು ಕಂಪ್ಯೂಟರ್. ಮುಗಿಯೋ ಹೊತ್ತಿಗೆ ನಿನ್ನ ಆಟ ಎಲ್ಲರ ಫೋನಲ್ಲಿ. ಇನ್ನೊಂದರಲ್ಲಿ ಕಂಪ್ಯೂಟರ್ರೇ ಮುಟ್ಟಿಸಲ್ವಂತೆ! ಕಾಗದ, ರಟ್ಟು, ಅಂಟು. ಅದನ್ನ ಇಲ್ಲೇ ಮಾಡ್ತಿದೀಯಲ್ಲ, ಅಜ್ಜಿಯ ಬಿಟ್ಟಿ ವಿಶ್ವವಿದ್ಯಾಲಯದಲ್ಲಿ."

"ನಿನ್ನನ್ನ ಅಲ್ಲಿಂದ ಎಂದೋ ಓಡಿಸಿದೀನಿ ಕಣೋ," ಎಂದಳು ಅಜ್ಜಿ, ಕೋಟಿನ ಕಚ್ಚಾ ಹೊಲಿಗೆ ಬಿಚ್ಚುತ್ತ. "ನನ್ನ ಕಥೇಲಿ ರಾಜಕುಮಾರಿ ಕಾಡು ದಾಟೋ ಮೊದಲೇ ಗೊರಕೆ ಹೊಡೀತಿದ್ದೆ."

ಗುಂಗಿ ನಗಲಿಲ್ಲ. ದೊಡ್ಡ ವಿಶ್ವವಿದ್ಯಾಲಯದ ಪತ್ರದಲ್ಲಿ ಒಂದು ಮಾತು ಅವಳಿಗೆ ಮುಳ್ಳಿನಂತೆ ಚುಚ್ಚಿತ್ತು: ನಿಮ್ಮ ಚಿತ್ರಗಳು ಸೊಗಸಾಗಿವೆ, ಆಟ ಮಾತ್ರ ಎರಡನೇ ಮನೆಯಾಚೆ ಸಾಗುವುದಿಲ್ಲ, ಆದ್ದರಿಂದ ನಿಮ್ಮನ್ನು ಚಿತ್ರಕಾರರ ಗುಂಪಿಗೆ ಸೇರಿಸಿದ್ದೇವೆ.

ಸಾಗುವುದಿಲ್ಲವೇ? ಅಂಗಡಿಗೆ ಗುಂಡಿ ತಂದುಕೊಡುವ ಮುದುಕನೂ ಅದನ್ನು ಕೊನೆಯ ಮನೆವರೆಗೆ ಆಡಿದ್ದ! ಬರೆದ ನಿಯಮಗಳನ್ನು ಅವಳು ಹತ್ತು ಸಲ ಓದಿದಳು, ಒಂದು ತಪ್ಪೂ ಕಾಣಲಿಲ್ಲ. ಬೇರೆಯವರ ಆಟಕ್ಕೆ ಅರಮನೆ ಬರೆದುಕೊಡುವುದು ಅವಳಿಗೆ ಬೇಡವಾಗಿತ್ತು. ಆಟ ಕಟ್ಟುವವಳಾಗಬೇಕಿತ್ತು. ಅದು ತನ್ನ ಕೈಲಾಗದೇ ಹೋದರೆ?

ಚಿಕ್ಕ ವಿಶ್ವವಿದ್ಯಾಲಯದ ಪತ್ರದ ಕೆಳಗೆ ಯಾರೋ ಕೈಯಲ್ಲಿ ಗೀಚಿದ್ದರು: "ನಾವು ನಾಲ್ವರು ಎರಡನೇ ಮನೆಯಲ್ಲಿ ಸಿಕ್ಕಿಬಿದ್ದಿದ್ದೇವೆ. ದಯವಿಟ್ಟು ಫೋನ್ ಮಾಡಿ." ನಾಚಿಕೆಯಿಂದ ಮೂರು ದಿನ ದೂಡಿದ್ದ ಆ ಕೆಲಸವನ್ನು ಅವಳು ಈಗ ಮಾಡಿದಳು. ಎಲ್ಲರಿಗೂ ಕೇಳಲೆಂದು ಅಣ್ಣ ಸ್ಪೀಕರ್ ಒತ್ತಿದ.

"ಬಂದೆಯಾ, ತಾಯಿ!" ಎಂದರು ಅಲ್ಲಿನ ಮೇಡಂ. "ಆಡಿಸು ನೋಡೋಣ." ಆಚೆ ದಾಳ ಉರುಳಿದ ಸದ್ದು. "ಎರಡು ಬಿತ್ತು."

ಗುಂಗಿ ಕಣ್ಣು ಮುಚ್ಚಿದಳು. "ಎರಡನೇ ಮನೆ. ದಾಳ ಏನೇ ಬಿದ್ರೂ ಎಲ್ಲರೂ ಮೊದಲು ನಿಲ್ಲೋದು ಇಲ್ಲೇ. ಇಲ್ಲೊಂದು ಬಾವಿ. ನೀರಲ್ಲಿ ನಕ್ಷತ್ರ ತುಂಬಿದ ಆಕಾಶ ಇದೆ. ತಲೆ ಎತ್ತಿ ನೋಡಿದ್ರೆ ಮೇಲೆ ಆಕಾಶಾನೇ ಇಲ್ಲ."

ಅಷ್ಟು ಹೇಳಿ ಸುಮ್ಮನಾದಳು. ಮೇಡಮ್ಮೂ ಸುಮ್ಮನಿದ್ದರು. ಅಂಗಡಿಯಲ್ಲಿ ಅಮ್ಮನ ಹೊಲಿಗೆ ಮೆಷಿನ್ ನಿಂತಿತು. ಇಸ್ತ್ರಿಯ ಹಬೆ ಕಿಟಕಿಯ ಬಿಸಿಲಿನಲ್ಲಿ ಮೋಡವಾಗಿ ತೇಲಿತು.

ಅಜ್ಜಿಗೆ ತಡೆಯಲಾಗಲಿಲ್ಲ. "ಅಯ್ಯೋ, ಹೂಂ ಅನ್ನೋಕೆ ಹೇಳೇ ಅವರಿಗೆ! ಪಾಪ, ಬಾವಿ ಕಟ್ಟೆ ಮೇಲೆ ಎಷ್ಟು ಹೊತ್ತು ನಿಲ್ಲಿಸ್ತೀಯ?"

"ಹೌದು ಮೇಡಂ, ಅಜ್ಜಿ ಕಥೆ ಕೇಳೋವಾಗಿನ ಹಾಗೆ ನೀವು ಹೂಂ ಅನ್ಬೇಕು. ಅಂದ್ರೇನೇ ನಾನು ಮುಂದಿನ ಚೀಟಿ ತೆಗೆಯೋದು."

"ಅದು ನಿಯಮದಲ್ಲಿ ಎಲ್ಲಿದೆ?"

"ಅದನ್ನೂ ಬರೀಬೇಕಾ?"

ಆಚೆ ಒಬ್ಬರಲ್ಲ, ನಾಲ್ವರು ನಕ್ಕರು. ಗುಂಗಿಯ ಕಿವಿ ಕೆಂಪಾಯಿತು. ನಗು ಅಡಗಿದ ಮೇಲೆ ಮೆಲ್ಲಗೆ, ಮಗುವಿನಂತೆ, "ಹೂಂ" ಎಂದರು ಮೇಡಂ. ಗುಂಗಿ ಮುಂದಿನ ಚೀಟಿ ಓದಿದಳು; ಕಥೆಯ ಕೊಡ ಆ ನಕ್ಷತ್ರಗಳೊಳಗೆ ಇಳಿಯಿತು. ಒಂದು ಹೂಂಗೆ ಒಂದು ಚೀಟಿಯಂತೆ ಅವರು ಒಂಬತ್ತನೇ ಮನೆವರೆಗೆ ನಡೆದರು.

"ಸುಳ್ಳು ಹೇಳಲ್ಲಮ್ಮ," ಎಂದರು ಕೊನೆಗೆ. "ನಮ್ಮಲ್ಲಿ ಕೊನೆಗೆ ನಿನಗೆ ಸಿಗೋದು ನಿನ್ನ ಆಟ ಇರೋ ಒಂದು ರಟ್ಟಿನ ಡಬ್ಬಿ, ಅಷ್ಟೇ. ನಿಮ್ಮನೇಲಿ ಎಲ್ಲರಿಗೂ ಗೊತ್ತಿರೋದನ್ನ ಏನೂ ಗೊತ್ತಿಲ್ಲದವರಿಗೆ ಬರೆದು ತಿಳಿಸ್ಬೇಕು. ಬೇಜಾರಿನ ಕೆಲಸ. ಹೋದ ವರ್ಷ ಇಬ್ಬರು ಅತ್ತೇಬಿಟ್ಟರು."

"ನನ್ನನ್ನ ಯಾವ ಗುಂಪಿಗೆ ಹಾಕ್ತೀರಾ?"

"ಗುಂಪಿಲ್ಲ. ನಿನ್ನ ಆಟ, ನಿನ್ನ ತಲೆನೋವು."

ಫೋನಿಟ್ಟ ಮೇಲೆ ಅಣ್ಣ ತಲೆ ಕೆರೆದುಕೊಂಡ. "ದೊಡ್ಡ ವಿಶ್ವವಿದ್ಯಾಲಯದವರಿಗೂ ಈ ಹೂಂ ವಿಷಯ ಒಂದು ಸಾಲು ಬರೆದು ಹಾಕು. ಗುಂಪು ಬದಲಿಸ್ತಾರೆ."

ದೊಡ್ಡದರ ಪತ್ರದ ಮೇಲಿದ್ದ ಗಾಜಿನ ಕಟ್ಟಡದ ಚಿತ್ರವನ್ನು ಗುಂಗಿ ಇನ್ನೊಮ್ಮೆ ನೋಡಿದಳು. ಎಲ್ಲರ ಫೋನಿನಲ್ಲೂ ತನ್ನ ಬಾವಿ ಮಿನುಗುವುದನ್ನು ಒಂದು ಗಳಿಗೆ ಕಂಡಳು. ಆಸೆಯಾಯಿತು, ನಿಜ.

"ಬದಲಿಸಬಹುದು ಅಣ್ಣ. ಆದ್ರೆ ಆಟ ನಿಂತಿದ್ದು ಯಾಕೆ ಅಂತ ಅವರು ಕೇಳಲಿಲ್ಲ. ಇವರು ಮೂರು ದಿನ ಬಾವಿ ಹತ್ರ ಕಾದಿದಾರೆ."

ನಾಲ್ಕೂವರೆಗೆ ದೊಡ್ಡದಕ್ಕೆ ಬರುವುದಿಲ್ಲವೆಂದು ಬರೆದಳು. ಚಿಕ್ಕದಕ್ಕೆ ಬರುತ್ತೇನೆಂದು ಬರೆದಳು. ಹಿಂದೆಯೇ ತರಬೇಕಾದ ಸಾಮಾನಿನ ಪಟ್ಟಿ ಬಂತು. ಮೊದಲನೆಯದು, ಕತ್ತರಿ.

"ನನ್ನ ಬಟ್ಟೆ ಕತ್ತರಿ ಮುಟ್ಟಿದ್ರೆ ನೋಡು!" ಎಂದಳು ಅಮ್ಮ, ಬಾಯಲ್ಲಿ ಕಚ್ಚಿದ್ದ ಗುಂಡುಸೂಜಿಗಳನ್ನು ತೆಗೆದು. "ಕಾಗದ ಕತ್ತರಿಸಿದ್ರೆ ಹರಿತ ಸತ್ತೇಹೋಗತ್ತೆ."

ಆಮೇಲೆ ಕೆಳಗಿನ ಡ್ರಾಯರ್ ಎಳೆದು, ತಾನು ಕೆಲಸ ಕಲಿತ ಹಳೇ ಕತ್ತರಿ ತೆಗೆದಳು. ಒಂದು ತೊಟ್ಟು ಎಣ್ಣೆ ಬಿಟ್ಟು, ಕಿವಿಯ ಹತ್ತಿರ ಹಿಡಿದು, ತೆರೆದು ಮುಚ್ಚಿ ಕೇಳಿದಳು.

"ತಗೋ. ಸ್ವಲ್ಪ ಎಡಕ್ಕೆ ಎಳೆಯತ್ತೆ, ನೋಡ್ಕೊಂಡು ಕತ್ತರಿಸು."