ಅಡ್ಮಿರಲ್‌ನ ಬಯೋಡಾಟಾ

ಕುವೈತಿನ ರಾಯ್ ಎಂಬ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರಲ್ಲಿ ಫೋರ್‌ಮನ್ ಆಗಿದ್ದ ಸಿದ್ದಲಿಂಗೇಶನಿಗೆ ಬಯೋಡಾಟಾ ಬರೆಯುವ ಹುಚ್ಚು. ಅಲ್ಲಿ ಕೆಲಸ ಬದಲಿಸುವ ಊರಿನವರೆಲ್ಲ ಅವನ ಬಳಿಗೇ ಬರುತ್ತಿದ್ದರು. ಬರಲಿ, ಬೇಡವೆಂದವರಾರು? ಆದರೆ ಮಗಳು ಸ್ನೇಹಾಳ ಶಾಲೆಯ ಪ್ರಾಜೆಕ್ಟನ್ನೂ ಅವನು ಹಾಗೆಯೇ ಬರೆದಿಟ್ಟದ್ದನ್ನು ಕಂಡು ಹೆಂಡತಿ ಬಾಳಕ್ಕನ ತಲೆ ಕೆಟ್ಟುಹೋಯಿತು.

ಶಾಲೆಯವರು ಕೊಟ್ಟ ವಿಷಯ, ಹದಿನೆಂಟನೆಯ ಶತಮಾನದ ಒಬ್ಬ ಬ್ರಿಟಿಷ್ ಅಡ್ಮಿರಲ್‌ನ ಸಾಧನೆ. ಇವನು ಬರೆದದ್ದು: 'ಅನುಭವ: ಸಮುದ್ರದ ಮೇಲೆ ನಲವತ್ತೊಂದು ವರ್ಷ. ಗೆದ್ದ ಯುದ್ಧ: ಆರು. ಗಲ್ಫ್ ಅನುಭವ: ಇಲ್ಲ.'

"ಏನ್ರೀ, ಅಂವ ಲೋಕಕ್ಕ ಏನ್ ಬಿಟ್ಟುಹೋದ ಅಂತ ಟೀಚರ್ ಕೇಳ್ಯಾರ. ಅದೆಲ್ಲಿ ಐತ್ರಿ?"

"ಕೆಳಗ ಬರದೇನಲ್ಲ, ನೋಡು."

ಬಾಳಕ್ಕ ನೋಡಿದಳು. 'ಹಡಗು, ಕತ್ತಿ, ಯೂನಿಫಾರ್ಮ್ ಎಲ್ಲ ಮರಳಿ ಒಪ್ಪಿಸಿದ್ದಾರೆ. ಏನೂ ಬಿಟ್ಟುಹೋಗಿಲ್ಲ.'

ಅವಳು ಹಣೆ ಹಣೆ ಬಡಿದುಕೊಂಡಳು. ಸ್ನೇಹಾ ಅಳುವುದೊಂದೇ ಬಾಕಿ. "ಅಪ್ಪಾ, ಹೀ ಈಸ್ ಡೆಡ್!"

"ಹೌದವ್ವಾ, ಅದೊಂದು ಉಳೀತು ನೋಡು," ಎಂದು ಸಿದ್ದಲಿಂಗೇಶ ಪೆನ್ನು ತೆಗೆದು, 'ಕೆಲಸ ಬಿಟ್ಟ ಕಾರಣ: ಮರಣ' ಎಂದು ನೀಟಾಗಿ ಸೇರಿಸಿದ. ಅದರ ಕೆಳಗೇ ಇದ್ದ 'ತಕ್ಷಣ ಸೇರಲು ಸಿದ್ಧ' ಎಂಬ ಸಾಲನ್ನು ಹೊಡೆದುಹಾಕುವಷ್ಟು ಬುದ್ಧಿ ಮಾತ್ರ ಆ ಮನುಷ್ಯನಿಗೆ ಬರಲಿಲ್ಲ.