ಕುಪ್ಪಕ್ಕನ ಗಿರಣಿ ಕಂಡ ನೆರೆ

ನಾನು ಒಂದು ಹಿಟ್ಟಿನ ಗಿರಣಿ. ಎರಡು ದುಂಡು ಕಲ್ಲು, ಅವನ್ನು ಮುಚ್ಚಿದ ಕಬ್ಬಿಣದ ಕವಚ, ಮೇಲೆ ಕಾಳು ಸುರಿಯುವ ತಗಡಿನ ಬಾಯಿ, ಆ ಬಾಯಿಯವರೆಗೂ ಎದ್ದು ಎಲ್ಲವನ್ನೂ ಹೊತ್ತು ನಿಂತ ನಾಲ್ಕು ಮರದ ಕಾಲು. ಇಷ್ಟೇ ನನ್ನ ದೇಹ. ಘಟ್ಟದ ಮೇಲಿನ ಒಂದು ಕಾರ್ಖಾನೆಯಲ್ಲಿ ನಾನು ಹುಟ್ಟಿದೆ. ನನ್ನ ಕಲ್ಲಿಗೆ ಉಳಿಯಿಂದ ಗೀರು ಕೊರೆದ ಮುದುಕ ಕೆಲಸ ಮುಗಿದ ಮೇಲೆ ನನ್ನನ್ನು ಮುಟ್ಟಿ ಕಣ್ಣಿಗೊತ್ತಿಕೊಂಡ. ಲೋಕದಲ್ಲಿ ನನಗೆ ಸಿಕ್ಕ ಮೊದಲ ನಮಸ್ಕಾರ ಅದು.

ಭಕ್ತಿ ಹೀಗೆ ಹುಟ್ಟಿನಿಂದಲೇ ಬಂತು. ಅನುಮಾನ ಬಂದದ್ದು ಕಸುಬಿನಿಂದ. ಅಕ್ಕಿಯಲ್ಲಿ ಕಲ್ಲಿರುತ್ತದೆ, ಗೋಧಿಯಲ್ಲಿ ಮೊಳೆಯಿರುತ್ತದೆ. "ಹಸನು ಮಾಡಿ ತಂದದ್ದು" ಎಂದು ಆಣೆ ಹಾಕಿ ಕೊಟ್ಟ ಚೀಲದಲ್ಲೇ ಒಮ್ಮೆ ಒಂದು ಕಿವಿಯೋಲೆ ಸಿಕ್ಕಿತ್ತು. ಬಾಯಿಗೆ ಬಿದ್ದದ್ದನ್ನೆಲ್ಲ ನಂಬಿದ ಗಿರಣಿ ಬಹಳ ದಿನ ಬಾಳುವುದಿಲ್ಲ.

ನನ್ನನ್ನು ಮೊದಲು ಕೊಂಡವನು ವೆಂಕಟೇಶ ಭಂಡಾರಿ. ಹತ್ತು ವರ್ಷ ನನ್ನನ್ನು ದುಡಿಸಿಕೊಂಡು, ಮೊಣಕಾಲು ನೋವು ಹೆಚ್ಚಾದಾಗ, ಹೊನ್ನಳಿವೆ ಪೇಟೆಯ ಈರಪ್ಪ ನಾಯ್ಕನಿಗೆ ಕೊಟ್ಟ. ಹೊನ್ನಳಿವೆ ಎಂದರೆ ಹೊಳೆ ಸಮುದ್ರ ಸೇರುವ ಜಾಗ. ಈರಪ್ಪ ಕಾಮಾಲೆಯಿಂದ ತೀರಿಕೊಂಡ ಹದಿನಾಲ್ಕನೆಯ ದಿನ ಅವನ ಹೆಂಡತಿ ಕುಪ್ಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಗುಂಡಿ ಒತ್ತಿದಳು. ಊರಿಗೆ ಅವಳು ಕುಪ್ಪಕ್ಕ. ನನಗಿಂತ ದೊಡ್ಡ ಅನುಮಾನದವಳು. ಮೆಣಸು ಬೀಸಿದ ಮೇಲೆ ಮೂರು ಸಲ ಅಕ್ಕಿ ಹಾಕಿ ನನ್ನ ಹೊಟ್ಟೆ ತೊಳೆಯುವಳು. ಆಮೇಲೂ ಹಿಟ್ಟನ್ನು ನಾಲಿಗೆಗೆ ಹಚ್ಚಿ ನೋಡದೆ ಯಾರ ಅಕ್ಕಿಯನ್ನೂ ಸುರಿಯುತ್ತಿರಲಿಲ್ಲ. ನಾವಿಬ್ಬರೂ ಚೆನ್ನಾಗಿ ಹೊಂದಿಕೊಂಡೆವು.

ಒಂದು ದಿನ ವಿಮೆಯ ಏಜೆಂಟ್ ಪ್ರಸನ್ನ ಬಂದು ನನ್ನ ಬಾಯಿಯ ಮೇಲೆಯೇ ಒಂದು ನಕ್ಷೆ ಹಾಸಿದ.

"ಅಕ್ಕಾ, ಇಲ್ಲಿ ನೋಡಿ. ನೀಲಿ ಬಣ್ಣ ಇದ್ದದ್ದು ನೆರೆ ಬರೂ ಜಾಗ. ನಿಮ್ಮ ಪೇಟೆ ಬಿಳೀಲಿ ಉಂಟು. ಬೆಂಕಿಯದ್ದು ಸಾಕು, ನೆರೆಯದ್ದು ಬಿಟ್ರೆ ಕಂತು ಕಡಿಮೆ ಆಗ್ತದೆ."

"ಈ ಬಣ್ಣ ಬಳಿದವ ಮಳೆಗಾಲದಲ್ಲಿ ಇಲ್ಲಿ ಬಂದಿದ್ನಾ, ತಮಾ?"

"ಬರೂದೆಂತಕ್ಕೆ? ಆಕಾಶದಿಂದ ಫೋಟೋ ತೆಗ್ದು ಮಾಡ್ದದ್ದು."

"ಅಳಿವೇಲಿ ಮರಳು ತುಂಬಿ ಹೊಳೆಗೆ ದಾರಿ ಇಲ್ದೇ ಇದ್ದದ್ದು ಆಕಾಶಕ್ಕೆ ಕಾಣ್ತದಾ? ನೆರೆದ್ದೂ ಸೇರ್ಸು."

"ಬೇಡದ್ದಕ್ಕೆ ದುಡ್ಡು ಹಾಕೂದು ಎಂತಕ್ಕಕ್ಕಾ?"

"ನೀ ಬೇಡ ಹೇಳ್ದೆ ನೋಡು, ಅದಕ್ಕೇ ಬೇಕು."

ಪಕ್ಕದ ಸೈಕಲ್ ಅಂಗಡಿಯ ಜಟ್ಟಪ್ಪ ಬಿದ್ದು ಬಿದ್ದು ನಕ್ಕ. ಅವನು ಬೆಂಕಿಗೆ ಮಾತ್ರ ರುಜು ಹಾಕಿ, ಉಳಿದ ದುಡ್ಡಿನಲ್ಲಿ ಅಂಗಡಿಗೆ ಹೊಸ ಬೋರ್ಡು ಬರೆಸಿದ.

ಎರಡು ವರ್ಷ ನೀರು ಬರಲಿಲ್ಲ. ಮೂರನೆಯ ವರ್ಷ ನೂಲ ಹುಣ್ಣಿಮೆಯ ದಿನ ಬಂತು. ಘಟ್ಟದಲ್ಲಿ ಮೂರು ದಿನದಿಂದ ಮಳೆ. ಹೊಳೆ ಕೆಳಗಿಳಿಯುವ ಹೊತ್ತಿಗೆ ಸರಿಯಾಗಿ ಸಮುದ್ರದ ಭರತ ಏರಿ ಎದುರು ಬಂತು. ನಡುವೆ ಸಿಕ್ಕಿದ ನೀರು ಪೇಟೆಗೆ ತಿರುಗಿತು. ಮೊದಲು ಹೊಸ್ತಿಲ ಕೆಳಗಿನಿಂದ, ಒಳಗೆ ಬರಲೋ ಎಂದು ಕೇಳುವ ನೆಂಟನ ಹಾಗೆ. ಆಮೇಲೆ ಕೇಳಲಿಲ್ಲ. ನನ್ನನ್ನು ತಿರುಗಿಸುವ ಮೋಟಾರು ಮುಳುಗಿತು. ನನ್ನ ಕವಚ, ಕಲ್ಲು ಮುಳುಗಿದವು. ತಗಡಿನ ಬಾಯಿಯ ಕೆಳಗೆ ಬಂದು ನೀರು ನಿಂತಿತು. ಗಂಗೆ ಎಂದು ನಾನೂ ಮನಸ್ಸಿನಲ್ಲಿ ಕೈಮುಗಿದೆ. ಆದರೆ ನಾಲಿಗೆಗೆ ಉಪ್ಪು ಹತ್ತಿತು.

ಮರುದಿನ ನೀರು ಇಳಿಯಿತು. ಗೋಡೆಯ ಮೇಲೆ ಅದು ನಿಂತ ಮಟ್ಟಕ್ಕೆ ಕೆಸರಿನ ಗೆರೆ ಉಳಿಯಿತು. ಅದನ್ನು ಯಾರೂ ನೋಡುತ್ತ ಕೂರಲಿಲ್ಲ. ಚೌತಿ ಹತ್ತಿರ ಬಂದಿತ್ತು. ಕೆಸರು ಮೆತ್ತಿದ ಗೋಡೆಗೆ ಒರಗಿಸಿ ಗಣಪತಿಯನ್ನು ಕೂರಿಸಲಾದೀತೆ? ಇಡೀ ಪೇಟೆಯೇ ತಿಕ್ಕಿ ತೊಳೆದು ಸುಣ್ಣ ಹೊಡೆಯಿತು. ಕುಪ್ಪಕ್ಕ ಎರಡು ಕೈ ಸುಣ್ಣ ಹೊಡೆದು, ನನ್ನನ್ನೂ ಕೈ ಹೋದಲ್ಲೆಲ್ಲ ಒರೆಸಿ, ಅರಿಶಿನ ಕುಂಕುಮ ಇಟ್ಟಳು. ನಾನು ತಿರುಗದೆ ಅವಳಿಗೆ ಬೇರೆ ಅನ್ನದ ದಾರಿ ಇರಲಿಲ್ಲ. ಚಕ್ಕುಲಿ ಹಿಟ್ಟಿಗೆ ಬಂದ ಹೆಂಗಸರು ಡಬ್ಬಿ ಹೊತ್ತು ಪಕ್ಕದೂರಿಗೆ ಹೋಗುತ್ತಿದ್ದರು.

ವಿಮೆಯ ಸರ್ವೇಯರ್ ನಾಳೆ ಬರುತ್ತಾನೆ ಎಂದು ಫೋನು ಬಂದಾಗ ನೆರೆ ಇಳಿದು ಎರಡು ವಾರ ಆಗಿತ್ತು. ಜಟ್ಟಪ್ಪ ಗೋಡೆ ನೋಡಿ ತಲೆ ಕೆರೆದ.

"ಕುಪ್ಪಕ್ಕಾ, ಇಷ್ಟು ಬೆಳ್ಳಗಿದ್ರೆ ನೀರು ಬಂದದ್ದು ನಿನ್ನ ಕನಸಲ್ಲಿ ಹೇಳಿ ಬರೀತಾ ಅವ."

"ಬಂದದ್ದು ಸುಳ್ಳಾ?"

"ಹೌದಾದ್ದಕ್ಕೇ ಗೆರೆ ಎಳೆಯೂದು. ಇದು ಸುಳ್ಳಲ್ಲ ಮಾರಾಯ್ತಿ, ನೆನಪು!"

ಅವಳು ಬೇಡ ಎನ್ನಲಿಲ್ಲ, ಹೌದು ಎನ್ನಲೂ ಇಲ್ಲ. ಒಳಗೆ ಹೋಗಿ ದೀಪದ ಮುಂದೆ ಕೂತಳು. ಜಟ್ಟಪ್ಪ ಬಕೆಟಿನಲ್ಲಿ ಹೊಳೆಯ ಕೆಸರು ತಂದು, ಸ್ಟೂಲು ಹತ್ತಿ, ಗೋಡೆಯುದ್ದ ಗೆರೆ ಎಳೆದ. ಅವನ ಅಂಗಡಿಯಲ್ಲೂ ಅಷ್ಟೇ ನೀರು ನಿಂತಿತ್ತು. ಅವನ ಕಾಗದದಲ್ಲಿ ನೆರೆ ಎಂಬ ಶಬ್ದವೇ ಇರಲಿಲ್ಲ.

ಸರ್ವೇಯರ್ ಬಸವಂತಪ್ಪ ಹುಬ್ಬಳ್ಳಿಯವನು. ಪೇಟೆಯ ಉದ್ದಕ್ಕೂ ನೋಡಿಕೊಂಡೇ ಒಳಗೆ ಬಂದ.

"ಏನ್ರೀ ಇದು, ನಿಮ್ಮೂರಿಗೆ ನೆರಿ ಬಂದಿತ್ತೋ, ಸುಣ್ಣ ಬಂದಿತ್ತೋ?"

ಗೆರೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ದಾರ ಹಿಡಿದ.

"ಇಲ್ನೋಡ್ರಿ ಯವ್ವಾ. ಈ ಕಡೆ ಎದಿಮಟ, ಆ ಕಡೆ ಸೊಂಟಮಟ. ನಿಮ್ಮ ಹೊಳಿ ನೀರು ಓರೆ ನಿಲ್ತೈತೇನ್ರೀ?"

"ನಮ್ಮ ಹೊಳೆ ಸ್ವಲ್ಪ ಹಟದ್ದು, ಸಾಯಬ್ರೇ," ಎಂದ ಜಟ್ಟಪ್ಪ ಬಾಗಿಲಿನಿಂದ.

ಕುಪ್ಪಕ್ಕನ ಮುಖ ಸುಣ್ಣಕ್ಕಿಂತ ಬೆಳ್ಳಗಾಗಿತ್ತು.

"ಒಡೆಯಾ, ಗೆರೆ ಸುಳ್ಳು. ನೀರು ಬಂದದ್ದು ಹೌದು. ದೇವರು ಬರ್ತಾನೆ ಹೇಳಿ ನಿಜದ ಗೆರೆ ನಾನೇ ಅಳಿಸ್ದೆ."

"ಖರೇ ಇದ್ದದ್ದಕ್ಕ ಸುಳ್ಳು ಬಳದ್ರಿ ನೋಡ್ರಿ. ಈಗ ನಾ ಯಾವುದನ್ನ ನಂಬ್ಲಿ?" ಅವನು ಪುಸ್ತಕ ಮುಚ್ಚಿದ. "ನೀರು ಇಳಿದ ಕೂಡ್ಲೆ ಮೊದಲು ಫೋಟೋ, ಆಮ್ಯಾಲೆ ಕಸಬರಿಗಿ. ಅಷ್ಟೂ ಯಾರೂ ಹೇಳಲಿಲ್ಲೇನು?"

"ಹೇಳ್ದವ ಈ ಪೇಟೆ ಬಿಳಿ ಬಣ್ಣದಲ್ಲಿ ಉಂಟು ಹೇಳ್ದ."

"ಬಿಳಿ ಅಂದ್ರ ನೀರು ಬರೂದಿಲ್ಲ ಅಂತಲ್ರೀ. ನೀಲಿಗಿಂತ ಅಪರೂಪಕ್ಕ ಬರ್ತೈತಿ ಅಂತ. ನಕಾಶಿ ನೋಡಿ ನೀರು ನಿಲ್ಲೂದಿಲ್ಲ."

ಅವನು ಹೊರಡಲು ತಿರುಗಿದ. ಕುಪ್ಪಕ್ಕ ನನ್ನ ಕವಚದ ಮೇಲೆ ಕೈ ಇಟ್ಟಳು.

"ಇದನ್ನ ಬಿಚ್ಚಿ ನೋಡಿ. ಇದಕ್ಕೆ ಸುಳ್ಳು ಹೇಳೂಕೆ ನಾ ಕಲಿಸ್ಲಿಲ್ಲ."

ಅವನಿಗೂ ನಂಬಿಕೆ ಇರಲಿಲ್ಲ, ನನಗೂ ಇರಲಿಲ್ಲ. ನನ್ನ ನಟ್ಟುಗಳನ್ನು ಅಪರಿಚಿತರು ತಿರುವುವುದು ನನಗೆ ಆಗದು. ಆದರೂ ಬಿಚ್ಚಿಸಿಕೊಂಡೆ. ಕಲ್ಲುಗಳ ನಡುವೆ ಹೊಳೆಯ ರೇವೆ ಮಣ್ಣು ಗಟ್ಟಿಯಾಗಿ ಕೂತಿತ್ತು. ಅವನು ಟಾರ್ಚು ಹಿಡಿದು ಗೋಡೆಯ ಕಡೆಗಿದ್ದ ನನ್ನ ಹಿಂಗಾಲುಗಳ ಹಿಂದೆ ಬಗ್ಗಿದ. ಅಲ್ಲಿಗೆ ಕುಪ್ಪಕ್ಕನ ಬಟ್ಟೆ ಹೋಗಿರಲಿಲ್ಲ. ಎರಡೂ ಕಾಲಿಗೆ ಕೆಸರಿನ ಗೆರೆ ಇತ್ತು. ದಾರ ಹಿಡಿದ. ಒಂದು ಕೂದಲೆಳೆಯ ವ್ಯತ್ಯಾಸವಿರಲಿಲ್ಲ. ಜಟ್ಟಪ್ಪನ ಗೆರೆಯನ್ನು ಒದ್ದೆ ಬಟ್ಟೆಯಿಂದ ಅವನೇ ಒರೆಸಿ, ಆಮೇಲೆ ನನ್ನ ಫೋಟೋ ತೆಗೆದ.

ಆಮೇಲೆ ನನ್ನ ಕಲ್ಲನ್ನು ಹೆಬ್ಬೆರಳಿನಿಂದ ಉಜ್ಜಿದ. ಬೆರಳಿಗೆ ಪುಡಿ ಹತ್ತಿತು.

"ಉಪ್ಪುನೀರು ಕುಡದೈತಿ. ಒಳಗ ಬಿರುಕು ಬಿಟ್ಟೈತಿ. ಇನ್ನ ಬೀಸಿದ್ರ ಹಿಟ್ಟಿನಾಗ ಕಲ್ಲು ಬೀಳ್ತಾವು. ದುರಸ್ತಿಗೆ ಬರೂದಿಲ್ಲಂತ ಬರೀತೇನಿ. ಮೋಟಾರಿನ ಜೋಡಿ ಗಿರಣಿದೂ ರೊಕ್ಕ ಬರ್ತೈತಿ ನಿಮಗ."

ಅವಳು ಬೇಡಿಕೊಂಡದ್ದು ಮೋಟಾರಿಗೆ ಮಾತ್ರ. ಅದಕ್ಕಿಂತ ಹೆಚ್ಚು ಸಿಕ್ಕಿದ್ದೇ ಕುಪ್ಪಕ್ಕನಿಗೆ ಮತ್ತೆ ಅನುಮಾನ ಬಂತು.

"ಹೀಂಗೆ ಬರೆದ್ರೆ ನಿಮಗೆಂತ ಲಾಭ?"

"ಕೊಡಬ್ಯಾಡ್ರಿ ಅಂತ ಬರದ್ರೂ ಇದನ್ನ ಕೇಳ್ತಾರ, ಕೊಡ್ರಿ ಅಂತ ಬರದ್ರೂ ಇದನ್ನ ಕೇಳ್ತಾರ," ಎಂದು ಅವನು ಪೆನ್ನಿನ ಮುಚ್ಚಳ ತೆಗೆದ.

ಅವಳು ತಾನೇ ಕಲ್ಲನ್ನು ಮುಟ್ಟಿ, ಬೆರಳನ್ನು ನಾಲಿಗೆಗೆ ಹಚ್ಚಿದಳು. ಹಲ್ಲಿನ ನಡುವೆ ಕರಕರ ಎಂದಿತು. ಇನ್ನೂ ತಿರುಗುತ್ತದೆ ಎಂದು ಜಗಳ ಮಾಡುತ್ತಾಳೆ ಎಂದುಕೊಂಡಿದ್ದೆ. ನನ್ನ ಪರವಾಗಿ ಅವಳು ಊರಿನ ಜೊತೆಗೆಲ್ಲ ಜಗಳ ಮಾಡಿದವಳು. ಅವಳು ಬೆರಳನ್ನು ಸೆರಗಿಗೆ ಒರೆಸಿಕೊಂಡಳು.

"ಬರೀರಿ," ಎಂದಳು.

ಹೀಗೆ ನನ್ನ ಸಾಕ್ಷಿಯೇ ನನಗೆ ನಿವೃತ್ತಿ ಕೊಟ್ಟಿತು. ಈಗ ನಾನು ಗಿರಣಿಯ ಹಿಂದಿನ ಮೂಲೆಯಲ್ಲಿ ಗೋಣಿ ಹೊದ್ದು ನಿಂತಿದ್ದೇನೆ. ಗುಜರಿಯವನು ಎರಡು ಸಲ ಕೇಳಿ ಹೋದ, ಅವಳು ಕೊಡಲಿಲ್ಲ. ಬೇಸರವಿಲ್ಲ. ಇಷ್ಟು ವರ್ಷ ಊರಿನ ಹೊಟ್ಟೆಗೆ ಹಿಟ್ಟು ಕೊಟ್ಟೆ, ಕೊನೆಗೆ ಒಂದು ನಿಜ ಕೊಟ್ಟೆ. ಎರಡೂ ನನ್ನೊಳಗಿನಿಂದಲೇ ಬಂದವು, ಕೊಡಿಸಿದವನು ಮೇಲಿನವನು. ರೇವೆಯನ್ನು ನನ್ನ ಹೊಟ್ಟೆಯಲ್ಲಿ ಇಟ್ಟವನು ಅವಳ ಬಟ್ಟೆಯನ್ನು ನನ್ನ ಹಿಂಗಾಲಿಗೆ ಹೋಗದ ಹಾಗೂ ನೋಡಿಕೊಂಡನೇ ಎಂದು ಕೆಲವೊಮ್ಮೆ ಯೋಚಿಸುತ್ತೇನೆ. ಅವನ ಮೇಲೆ ಮಾತ್ರ ನನಗೆ ಅನುಮಾನವಿಲ್ಲ.

ಹೊಸ ಗಿರಣಿ ಬರುವ ಮೊದಲು ಗಾರೆ ಕೆಲಸದವನು ಅದನ್ನು ಕೂರಿಸುವ ಕಟ್ಟೆ ಕಟ್ಟಲು ಬಂದಿದ್ದ. ಒಂದು ಮೊಳ ಸಾಕು ಎಂದ. ಸೊಂಟದ ಎತ್ತರ ಬೇಕು ಎಂದಳು ಕುಪ್ಪಕ್ಕ.

"ಅಷ್ಟೆತ್ತರಕ್ಕೆ ಅಕ್ಕಿ ಸುರೂಕೆ ಏಣಿ ಬೇಕಾಗ್ತದಕ್ಕಾ," ಎಂದು ಅವನು ನಕ್ಕ.

ಅವಳು ಗೋಣಿ ಸರಿಸಿ, ಅವನ ಕೈ ಹಿಡಿದು, ನನ್ನ ಹಿಂಗಾಲಿನ ಗೆರೆಯ ಮೇಲೆ ಇಟ್ಟಳು. ಅವನ ನಗು ನಿಂತಿತು. ಹೊರಗೆ ಹೋಗಿ ಇನ್ನೂ ಎರಡು ಗಾಡಿ ಕಲ್ಲಿಗೆ ಹೇಳಿದ.